ಮಂಗಳೂರು ಮಾರ್ಗವಾಗಿ ಸೂರತ್

ನಿವೃತ್ತನಾದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಫೋನಿನಲ್ಲಿ ಒಂದು ಪುಟವಿದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದರೆ ಸಾಕು, ಆಕಾಶದಲ್ಲಿ ಅವೆರಡರ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಅದು ಥಟ್ಟನೆ ಹೇಳಿಬಿಡುತ್ತದೆ. ಆ ಎರಡು ಊರುಗಳ ನಡುವೆ ನಿಜವಾಗಿ ವಿಮಾನ ಓಡಾಡುತ್ತದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಲೆಕ್ಕ ಕೇಳಿದಿರಿ, ತಗೊಳ್ಳಿ ಲೆಕ್ಕ. ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ನಾನು ಟೋಕಿಯೊದಿಂದ ಲಿಮಾಕ್ಕೆ, ನೈರೋಬಿಯಿಂದ ಓಸ್ಲೋಗೆ ಹೋಗಿಬರುತ್ತೇನೆ. ಸಂಜೆ ಚಹಾದ ಹೊತ್ತಿಗೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲೇ ಇರುತ್ತೇನೆ.

ನನ್ನ ಹೆಂಡತಿ ಸುಮತಿ ಹಾಸನದ ಕಡೆಯವಳು, ನೇರ ಮಾತು. "ಅಲ್ಲಾರೀ, ಮೂವತ್ತೈದು ವರ್ಷ ಆಫೀಸಲ್ಲಿ ಕೂತು ದೂರ ಅಳೆದಿದ್ದು ಸಾಲ್ದೇನ್ರೀ? ಮೇಲೆ ಸುತ್ತೋ ಉಪಗ್ರಹ ಎಲ್ಲಿದೆ ಅಂತ ಗೊತ್ತಿರುತ್ತೆ, ಚಪ್ಪಲಿ ಎಲ್ಲಿ ಬಿಟ್ಟಿದೀರಿ ಅಂತ ಗೊತ್ತಿರಲ್ಲ," ಎನ್ನುತ್ತಾಳೆ. ನಾನು ದುಡಿದದ್ದು ಆಕಾಶದ ಕಡೆ ಮುಖ ಮಾಡಿ ಕೂತ ಒಂದು ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ. ಚಪ್ಪಲಿಯ ವಿಷಯದಲ್ಲಿ ಅವಳು ಹೇಳುವುದು ಸರಿಯೇ, ವಾದಕ್ಕೆ ಜಾಗವಿಲ್ಲ.

ಈ ಚಟದಲ್ಲಿ ಒಂದು ದಿನ, ಯಾವ ಯೋಚನೆಯೂ ಇಲ್ಲದೆ, ಅಹಮದಾಬಾದ್ ಎಂದು ಬರೆದು ಪಕ್ಕದಲ್ಲಿ ಸೂರತ್ ಎಂದು ಬರೆದೆ. ಇನ್ನೂರಿಪ್ಪತ್ತು ಕಿಲೋಮೀಟರಿಗೆ ಒಂದೆರಡು ಕಡಿಮೆ, ಹಾರಲು ಮುಕ್ಕಾಲು ಗಂಟೆ ಎಂದು ಬಂತು. ಆಮೇಲೆ ಅಹಮದಾಬಾದಿನಿಂದ ಮಂಗಳೂರು ಹಾಕಿದೆ. ಸಾವಿರದ ನೂರೈವತ್ತರ ಹತ್ತಿರ. ಸೂರತ್‌ನಿಂದ ಮಂಗಳೂರು ಹಾಕಿದೆ. ಒಂಬೈನೂರು ದಾಟಿ ಮೂವತ್ತು ಚಿಲ್ಲರೆ. ಕೊನೆಯ ಎರಡನ್ನೂ ಕೂಡಿಸಿದೆ. ತಪ್ಪಿರಬೇಕೆಂದು ಇನ್ನೊಮ್ಮೆ ಕೂಡಿಸಿದೆ. ಯಾಕೆಂದರೆ ಸೂರತ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಇನ್ನೂರಿಪ್ಪತ್ತು ಕಿಲೋಮೀಟರ್ ದೂರದ ಅಕ್ಕನನ್ನು ನೋಡಲು ನಾವಿಬ್ಬರೂ ಸೇರಿ ಪ್ರತಿವರ್ಷ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಹಾರುತ್ತಿದ್ದೆವು. ಅವಳು ಅಲ್ಲಿಂದ, ನಾನು ಇಲ್ಲಿಂದ, ಇಬ್ಬರೂ ಮಂಗಳೂರಿಗೆ. ಅಲ್ಲಿ ಭೇಟಿ.

ಇಬ್ಬರಿಗೂ ತಲೆ ಕೆಟ್ಟಿತ್ತೇ ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ, ಇದಕ್ಕೆ ಹಿನ್ನೆಲೆಯಿದೆ.

ನಮ್ಮದು ಕುಂದಾಪುರದ ಕಡೆ, ಹೊಳೆಯ ಆಚೆ ದಂಡೆ. ಶಾಲೆ ಈಚೆ ದಂಡೆ. ನಮ್ಮ ಅಜ್ಜನಿಗೆ ಮೈಲು, ಕಿಲೋಮೀಟರು ಯಾವುದೂ ಬರುತ್ತಿರಲಿಲ್ಲ. ಅಂಗಡಿ ಎಷ್ಟು ದೂರ ಎಂದರೆ ಕೂಗಳತೆ ಎನ್ನುತ್ತಿದ್ದ. ಪುರೋಹಿತರ ಮನೆ ಎಷ್ಟು ದೂರ ಎಂದರೆ ಬಾಯಿಗೆ ಹಾಕಿದ ಎಲೆ ಅಡಿಕೆ ರಸ ಬಿಡುವಷ್ಟು ಎನ್ನುತ್ತಿದ್ದ. ಇಂಥ ಮನೆಯಲ್ಲಿ ಹುಟ್ಟಿದವನು ಮುಂದೆ ಮೀಟರಿನ ಲೆಕ್ಕದಲ್ಲಿ ದೂರ ಅಳೆಯುವ ಕೆಲಸಕ್ಕೆ ಹೇಗೆ ಹೋದನೋ ದೇವರಿಗೇ ಗೊತ್ತು. ಶಾಲೆಗೆ ದೋಣಿಯಲ್ಲಿ ಹೋಗಬೇಕು. ನನಗೆ ಎಂಟು ವರ್ಷ, ವನಜಕ್ಕನಿಗೆ ಹದಿಮೂರು. ಬೆಳಿಗ್ಗೆ ಎದ್ದಾಗಿನಿಂದ ಅವಳ ಕೈಗೆ ಬಿಡುವಿಲ್ಲ. ಕಾಯಿ ತುರಿಯಬೇಕು, ಅಂಗಳ ಸಾರಿಸಬೇಕು, ನನ್ನ ತಲೆ ಬಾಚಬೇಕು. ನನ್ನ ತಲೆ ಬಾಚುವುದು ಸುಲಭದ ಕೆಲಸವಾಗಿರಲಿಲ್ಲ, ಮನೆಯ ಸುತ್ತ ಎರಡು ಸುತ್ತು ಓಡಿಸುತ್ತಿದ್ದೆ. ಆದರೆ ದೋಣಿ ಹತ್ತಿದ ಕೂಡಲೇ ಅವಳು ಬೇರೆಯೇ ಆಗುತ್ತಿದ್ದಳು. ಪುಸ್ತಕ ಮಡಿಲಲ್ಲಿಟ್ಟು, ಕೈ ಎರಡೂ ಅದರ ಮೇಲಿಟ್ಟು, ಸುಮ್ಮನೆ ಕೂರುತ್ತಿದ್ದಳು. ಆಗ ನಾನು ಏನು ಕೇಳಿದರೂ ಉತ್ತರ ಸಿಗುತ್ತಿತ್ತು. ಮೀನು ನಿದ್ದೆ ಮಾಡುತ್ತದಾ? ಹೊಳೆಯ ಅಡಿಯಲ್ಲಿ ಏನಿದೆ? ಅವಳಿಗೆ ಗೊತ್ತಿಲ್ಲದ್ದನ್ನೆಲ್ಲ ಕಟ್ಟಿ ಹೇಳುತ್ತಿದ್ದಳು. ದಂಡೆಗೆ ಇಳಿದ ಮೇಲೆ ಮತ್ತೆ, "ಬೇಗ ಬೇಗ ಕಾಲ್ ಹಾಕ್ ಮಾಣಿ, ಗಂಟೆ ಹೊಡಿತ್," ಎಂದು ಎಳೆದುಕೊಂಡು ಹೋಗುತ್ತಿದ್ದಳು. ನಮ್ಮ ಕಡೆ ಹುಡುಗರನ್ನು ಮಾಣಿ ಎನ್ನುತ್ತಾರೆ. ನನಗೀಗ ಅರವತ್ತಮೂರು. ಅವಳಿಗೆ ಇವತ್ತಿಗೂ ನಾನು ಮಾಣಿಯೇ.

ಹತ್ತೊಂಬತ್ತಕ್ಕೆ ಅವಳ ಮದುವೆಯಾಯಿತು. ಸೀತಾರಾಮ ಭಾವ ಸೂರತ್‌ನ ಉಧ್ನಾದಲ್ಲಿ ಹೋಟೆಲು ಇಟ್ಟಿದ್ದರು. ಸುತ್ತ ಬಟ್ಟೆ ಕಾರ್ಖಾನೆಗಳು, ಪಾಳಿ ಮುಗಿಸಿ ಬರುವ ಜನ, ಹತ್ತಿರದಲ್ಲೇ ರೈಲು ನಿಲ್ದಾಣ. ಬೆಳಿಗ್ಗೆ ಐದಕ್ಕೆ ಇಡ್ಲಿ ಇಳಿಯಬೇಕು. ಅಕ್ಕ ಹೋದವಳು ಮೊದಲ ತಿಂಗಳೇ ಅಡುಗೆಮನೆಗೆ ಇಳಿದಳು. ಇವತ್ತಿನವರೆಗೂ ಅಲ್ಲೇ ಇದ್ದಾಳೆ.

ಮುಂದೆ ನನಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಆರ್ಡರು ಬಂದ ದಿನ ಅಮ್ಮ ನನ್ನ ಹಳೆಯ ಶಾಲೆಯ ಅಟ್ಲಾಸು ತೆಗೆಸಿದಳು. ಸೂರತ್ ಎಲ್ಲಿ ಎಂದು ಕೇಳಿದಳು, ತೋರಿಸಿದೆ. ಅಹಮದಾಬಾದ್ ಎಲ್ಲಿ ಎಂದು ಕೇಳಿದಳು, ತೋರಿಸಿದೆ. ಎರಡರ ನಡುವೆ ತನ್ನ ಕಿರುಬೆರಳು ಇಟ್ಟು ನೋಡಿದಳು. ಬೆರಳೇ ದಪ್ಪ, ದೂರವೇ ಕಡಿಮೆ. ಅಮ್ಮನ ಮುಖ ಅರಳಿತು. "ಅಕ್ಕನ್ ಮನಿ ಹತ್ರವೇ ಆಯ್ತಲೆ ಮಾಣಿ! ಸಂಜಿ ಊಟಕ್ಕೆ ಅಲ್ಲಿಗೇ ಹೋಯ್ಲಕ್ಕ್," ಎಂದಳು. ನಾನು ಅಮ್ಮನನ್ನು ತಿದ್ದಲಿಲ್ಲ. ಅಷ್ಟು ಖುಷಿಯಲ್ಲಿದ್ದವಳಿಗೆ ಮ್ಯಾಪಿನ ಅಳತೆ ವಿವರಿಸಲು ಮನಸ್ಸು ಬರಲಿಲ್ಲ.

ಅಂದಿನಿಂದ ಅಮ್ಮನ ಪ್ರಕಾರ ನಾವಿಬ್ಬರೂ ಒಂದೇ ಓಣಿಯವರು. ಒಂದು ಸಲ ನಾನು ಊರಿಂದ ಹೊರಡುವಾಗ ಮಾವಿನ ಮಿಡಿಯ ಉಪ್ಪಿನಕಾಯಿ ಭರಣಿಯೊಂದನ್ನು ಕೈಗಿಟ್ಟು, "ನಾಳೆ ಹೋಪತಿಗೆ ಅಕ್ಕಂಗೆ ಕೊಟ್ಟ್ ಬಿಡ್," ಎಂದಳು. ನಾಳೆ ಎಂದರೆ ನಾಳೆಯೇ. ನಾನು ಅಹಮದಾಬಾದಿಗೆ ಬಂದೆ, ಭರಣಿಯನ್ನು ಕಪಾಟಿನ ಮೇಲಿಟ್ಟೆ. ಮುಂದಿನ ಭಾನುವಾರ ಹೋಗೋಣ ಎಂದುಕೊಂಡೆ. ಆಫೀಸಿನಲ್ಲಿ ಏನೋ ಪರೀಕ್ಷೆ ನಡೆಯುತ್ತಿತ್ತು. ಆಮೇಲಿನ ಭಾನುವಾರ ಬಟ್ಟೆ ಒಗೆಯಬೇಕಿತ್ತು. ಹೀಗೆ ಒಂದೊಂದೇ ಭಾನುವಾರ ಸರಿದು ವರ್ಷವಾಯಿತು. ಊರಿಗೆ ಹೊರಡುವ ದಿನ ಭರಣಿ ಕಣ್ಣಿಗೆ ಬಿತ್ತು. ಅಕ್ಕ ಹೇಗೂ ಊರಿಗೆ ಬರುತ್ತಾಳಲ್ಲ ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಊರಿಗೇ ಒಯ್ದೆ. ಅಮ್ಮನ ಅಡುಗೆಮನೆಯಲ್ಲಿ, ಅಮ್ಮನ ಎದುರಿಗೇ, ಅಮ್ಮನ ಭರಣಿಯನ್ನು ಅಕ್ಕನ ಕೈಗೆ ಕೊಟ್ಟೆ. ಅಮ್ಮ ನನ್ನನ್ನೂ ನೋಡಿದಳು, ಭರಣಿಯನ್ನೂ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಮುಚ್ಚಳ ತೆಗೆದು ಒಂದು ಮಿಡಿ ಬಾಯಿಗೆ ಹಾಕಿಕೊಂಡು, "ಹದ ಬಂದಿತ್ತ್," ಎಂದಳು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು ನಕ್ಕು ಅಡುಗೆಮನೆಯಿಂದ ಹೊರಗೆ ಓಡಿದಳು.

ನಾನು ಉಧ್ನಾಕ್ಕೆ ಹೋಗಲೇ ಇಲ್ಲ ಎಂದಲ್ಲ. ಬ್ರಹ್ಮಚಾರಿಯಾಗಿದ್ದಾಗ ಹೋಗಿದ್ದೆ. ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವ ಗಲ್ಲಾದಲ್ಲಿ ಕೂತಲ್ಲಿಂದಲೇ ಕೈ ಎತ್ತಿ ಒಂದು ಮೇಜು ತೋರಿಸಿದರು. ಕೂತೆ. ಅಡುಗೆಮನೆಗೂ ಹಜಾರಕ್ಕೂ ನಡುವೆ ತಟ್ಟೆ ದಾಟಿಸುವ ಒಂದು ಕಿಟಕಿ ಇತ್ತು. ಅದರಲ್ಲಿ ಅಕ್ಕನ ಮುಖ ಕಾಣಿಸಿತು, ನಕ್ಕಿತು, ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮಸಾಲೆದೋಸೆ ಬಂತು. ಅದು ಮುಗಿಯುವ ಮೊದಲೇ ವಡೆ ಬಂತು. ಆಮೇಲೆ ಶಿರಾ, ಆಮೇಲೆ ಇನ್ನೊಂದು ದೋಸೆ, ಈ ಸಲ ತುಪ್ಪ ಹೆಚ್ಚು. ಪ್ರತಿ ತಿಂಡಿಯ ಹಿಂದೆ ಕಿಟಕಿಯಲ್ಲಿ ಒಂದು ಗಳಿಗೆ ಅವಳ ಮುಖ. ನನ್ನ ಜೊತೆ ಮಾತಾಡಲು ಆಗಲಿಲ್ಲವೆಂಬ ಬೇಜಾರನ್ನೆಲ್ಲ ಅವಳು ದೋಸೆಯಲ್ಲಿ ತೀರಿಸುತ್ತಿದ್ದಳು. ಸಂಜೆ ರೈಲಿಗೆ ಹೊರಟಾಗ ನನಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನಾನು ಹೋದರೆ ಅವಳಿಗೆ ಕೆಲಸ ಹೆಚ್ಚುತ್ತದೆ ಎಂದು ಹೋಗುವುದು ಕಡಿಮೆ ಮಾಡಿದೆ. ಹಾಗೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ನನ್ನ ಸೋಮಾರಿತನ.

ಅವಳು ನಮ್ಮ ಮನೆಗೆ ಬರಬಹುದಿತ್ತಲ್ಲ? ಬರಲಿಕ್ಕಾಗುತ್ತಿರಲಿಲ್ಲ. ಇಲ್ಲಿ ಹೋಟೆಲಿನವರ ಒಂದು ಪದ್ಧತಿ ಹೇಳಬೇಕು. ಭಾವನ ಹೋಟೆಲಿಗೆ ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲ. ಜ್ವರ ಬಂದರೂ ಮಾತ್ರೆ ನುಂಗಿ ಒಲೆ ಮುಂದೆ ನಿಲ್ಲುವವರು ಅವರು. ಅವರ ಲೋಕದಲ್ಲಿ ರಜೆ ಎಂಬುದು ಒಂದೇ ಬಗೆಯದು: ಊರಿಗೆ ಹೋಗುವುದು. ಅದೂ ಸುಮ್ಮನೆ ಅಲ್ಲ, ಊರಿನಲ್ಲಿ ಕಾರ್ಯವಿರಬೇಕು. ಮದುವೆ, ಪೂಜೆ, ತಿಥಿ. ಕಾರ್ಯವಿದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಕಾರ್ಯವಿಲ್ಲದೆ ತಮ್ಮನ ಮನೆಗೆ ಹೋಗಿ ಕೂತು ಬರುತ್ತೇನೆ ಎಂದು ಅಲ್ಲಿ ಯಾರೂ ಹೇಳಿದ್ದಿಲ್ಲ, ಹೇಳಬಹುದು ಎಂದು ಯಾರಿಗೂ ಹೊಳೆದದ್ದೂ ಇಲ್ಲ.

ಹೋಟೆಲಿನವರನ್ನು ನೋಡಿ ನಗುವ ಅರ್ಹತೆ ನನಗೇನೂ ಇಲ್ಲ. ನಮ್ಮ ಸಂಸ್ಥೆಯಲ್ಲೂ ಅದೇ ಕಥೆ. ಸೇರಿದ ವಾರವೇ ಒಂದು ಅರ್ಜಿಯಲ್ಲಿ ಸ್ವಂತ ಊರು ಯಾವುದು ಎಂದು ಬರೆಸಿಕೊಂಡಿದ್ದರು. ಮನೆಮಂದಿಯನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿಬರಲು ಸರ್ಕಾರವೇ ಅನುಕೂಲ ಮಾಡಿಕೊಡುತ್ತಿತ್ತು. ಆ ಅರ್ಜಿಯಲ್ಲಿ ಸ್ವಂತ ಊರಿಗೆ ಜಾಗವಿತ್ತು, ಸ್ವಂತ ಅಕ್ಕನಿಗೆ ಇರಲಿಲ್ಲ. ನನ್ನ ಸಹೋದ್ಯೋಗಿಗಳೂ ಹಾಗೆಯೇ, ಪಕ್ಕದ ಊರಿನ ತಂಗಿಯನ್ನು ಧಾರವಾಡದಲ್ಲಿ ಭೇಟಿಯಾಗುವವರು, ಚಿಕ್ಕಪ್ಪನನ್ನು ಮೈಸೂರಿನಲ್ಲಿ ಭೇಟಿಯಾಗುವವರು. ಊರು ಬಿಟ್ಟು ಬಂದ ನಾವೆಲ್ಲ ಒಬ್ಬರನ್ನೊಬ್ಬರು ನೋಡಲು ಊರಿಗೇ ಹೋಗುತ್ತಿದ್ದೆವು.

ಮೊದಲೆಲ್ಲ ರೈಲು. ಆಮೇಲೆ ವಿಮಾನ. ಅಮ್ಮ ಇರುವ ತನಕ ಅಮ್ಮನನ್ನು ನೋಡುವ ನೆಪ. ಅಮ್ಮ ಹೋದ ಮೇಲೆ ಅಮ್ಮನ ತಿಥಿ. ಕುಂದಾಪುರದಲ್ಲಿ ನಮ್ಮ ಅಣ್ಣನ ಮನೆಯಲ್ಲಿ ಅದು ನಡೆಯುತ್ತಿತ್ತು. ತಿಥಿಯ ಹಿಂದಿನ ದಿನ ಅಕ್ಕ ಸೂರತ್‌ನಿಂದ ವಿಮಾನ ಹತ್ತಿ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇಳಿದು ಬದಲಾಯಿಸಿ ಮಂಗಳೂರಿಗೆ ಬರುವಳು. ನಾನೂ ಹಾಗೆಯೇ ಅಹಮದಾಬಾದಿನಿಂದ. ಮೊದಲು ಇಳಿದವರು ಸಾಮಾನು ಬರುವ ಪಟ್ಟಿಯ ಹತ್ತಿರ ನಿಂತು ಕಾಯಬೇಕು. ಹೆಚ್ಚಾಗಿ ಅವಳೇ ಕಾಯುತ್ತಿದ್ದಳು. ವಿಮಾನವಿಳಿದ ಬೇರೆಯವರೆಲ್ಲ ಫೋನು ನೋಡುತ್ತಿದ್ದರೆ ಅವಳು ಮಾತ್ರ ಬಾಗಿಲನ್ನು ನೋಡುತ್ತ ನಿಂತಿರುತ್ತಿದ್ದಳು. ನಾನು ಕಂಡ ಕೂಡಲೇ, "ಎಂತ ತಿಂದೆ ಮಾಣಿ?" ಎನ್ನುತ್ತಿದ್ದಳು. ನಾನು ಏನು ತಿಂದಿದ್ದೇನೆ ಎಂದರೂ, "ಅದೆಂತ ಹೊಟ್ಟಿಗೆ ಹಿಡಿತ್," ಎಂದು ಚೀಲದಿಂದ ಚಕ್ಕುಲಿ ತೆಗೆಯುತ್ತಿದ್ದಳು.

ಅಲ್ಲಿಂದ ಟ್ಯಾಕ್ಸಿ. ಬಜಪೆಯ ಗುಡ್ಡ ಇಳಿದು, ಉಡುಪಿ ದಾಟಿ, ಕುಂದಾಪುರ ಸೇರಲು ಎರಡು ಎರಡೂವರೆ ಗಂಟೆ. ನಾನು ವರ್ಷವಿಡೀ ಕಾಯುತ್ತಿದ್ದದ್ದು ಆ ಎರಡೂವರೆ ಗಂಟೆಗೆ. ಮನೆ ಮುಟ್ಟಿದ ಮೇಲೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಣ್ಣನ ಅಡುಗೆಮನೆ ಹೊಕ್ಕುಬಿಡುತ್ತಿದ್ದಳು. ಸೂರತ್‌ನಲ್ಲಿ ಗಿರಾಕಿಗಳಿಗಾಗಿ ಸಾಂಬಾರಿಗೆ ಸಕ್ಕರೆ ಹಾಕಿ ಹಾಕಿ ಅವಳಿಗೆ ರೋಸಿಹೋಗಿತ್ತು. ಊರಿನಲ್ಲಿ ಖಾರ ಹುಳಿ ಎರಡನ್ನೂ ಕೈ ಬಿಟ್ಟು ಹಾಕಿ ಹರಕೆ ತೀರಿಸಿಕೊಳ್ಳುತ್ತಿದ್ದಳು. ಮಾತಿಗೆ ಸಿಗುತ್ತಿರಲಿಲ್ಲ. ಆದರೆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವಳು ಪೂರ್ತಿ ನನ್ನ ಅಕ್ಕ. ಅಡುಗೆಮನೆಯ ಸುಟ್ಟ ಕಲೆಗಳಿರುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವಳು. ಮೊಣಕಾಲು ನೋವಿನ ವಿಷಯ, ಭಾವನ ಗೊರಕೆಯ ವಿಷಯ, ಹದಿನೇಳನೇ ವಯಸ್ಸಿನಲ್ಲಿ ಟೀಚರಾಗಬೇಕು ಎಂದುಕೊಂಡಿದ್ದ ವಿಷಯ, ಎಲ್ಲ ಅಲ್ಲೇ ಹೊರಬರುತ್ತಿದ್ದವು. ಒಂದು ವರ್ಷ ಬ್ರಹ್ಮಾವರ ದಾಟುವಾಗ, "ಅಮ್ಮ ಹೋದ್ ಮೇಲೆ ನನ್ನ ಹೆಸ್ರ್ ಹಿಡ್ದ್ ಕರಿಯುವರೇ ಕಮ್ಮಿ ಆಯ್ರ್ ಮಾಣಿ. ಎಲ್ಲರಿಗೂ ನಾನ್ ಹೋಟ್ಲಮ್ಮ," ಎಂದಳು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಜೊಂಪು ಹತ್ತಿತು, ತಲೆ ನನ್ನ ಭುಜಕ್ಕೆ ವಾಲಿತು. ಕುಂದಾಪುರ ಬರುವ ತನಕ ನಾನು ಭುಜ ಅಲುಗಿಸಲಿಲ್ಲ.

ಈ ವರ್ಷ ಅಣ್ಣನ ಫೋನು ಬಂತು. ಅವನಿಗೆ ಎಪ್ಪತ್ತೈದು, ಅತ್ತಿಗೆಗೆ ಸೊಂಟ ನೋವು. "ಈ ವರ್ಷದಿಂದ ಅಮ್ಮನ ತಿಥಿ ಮಠದಲ್ಲಿ ಮಾಡ್ಸುದ್ ಅಂತ ಮಾಡಿದೆ. ನಾನೊಬ್ಬ ಹೋಯಿ ಕೂತ್ರೆ ಸೈ. ನೀವಿಬ್ರೂ ಅಷ್ಟ್ ದೂರದಿಂದ ಬಪ್ಪುದ್ ಬೇಡ ಮಾರಾಯಾ, ನಿಮ್ಗೂ ಪ್ರಾಯ ಆಯ್ತ್," ಎಂದ. ಅವನ ದನಿಯಲ್ಲಿ ನಮ್ಮ ಹೊರೆ ಇಳಿಸಿದ ನೆಮ್ಮದಿಯಿತ್ತು. ಒಳ್ಳೆಯದಾಯಿತು ಅಣ್ಣ ಎಂದೆ. ಫೋನಿಟ್ಟ ಮೇಲೆ ಟ್ಯಾಕ್ಸಿಯ ಆ ಎರಡೂವರೆ ಗಂಟೆ ನೆನಪಾಯಿತು.

ಮರುದಿನ ಅಕ್ಕನಿಗೆ ಫೋನು ಮಾಡಿದೆ.

"ಅಣ್ಣ ಮಾತಾಡಿದ್ನಾ?" ಎಂದೆ.

"ಹ್ಞೂಂ. ಮಠದಲ್ಲಿ ಮಾಡ್ಸುದ್ ಗಡ."

"ಒಳ್ಳೇದೇ ಅಲ್ದಾ?"

"ಒಳ್ಳೇದೇ. ಅತ್ತಿಗಿಗೂ ಆತಿಲ್ಲೆ," ಎಂದಳು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. "ಹಂಗಾರೆ ಈ ವರ್ಷ ನೀನ್ ಬಪ್ಪುದಿಲ್ಲೆ."

"ಕಾರ್ಯವೇ ಇಲ್ಲೆ ಅಂದ್ ಮೇಲೆ ಎಂತಕೆ ಬಪ್ಪುದ್ ಅಕ್ಕ?"

"ಅದೂ ಹೌದ್. ಒಗ್ಗರಣೆ ಸೀದ್ ಹೋತ್ತ್, ಇಡ್ತೆ," ಎಂದು ಇಟ್ಟಳು.

ನನಗೆ ಅವತ್ತು ನನ್ನ ಮೇಲೆಯೇ ಸಿಟ್ಟು ಬಂತು. ನಿವೃತ್ತನಾಗಿ ಮೂರು ವರ್ಷವಾಗಿದೆ, ಕೈತುಂಬ ಪುರುಸೊತ್ತು, ಮೂರೂವರೆ ಗಂಟೆಯ ರೈಲು ಪ್ರಯಾಣ. ಬರುತ್ತೇನೆ ಅಕ್ಕ ಎನ್ನಲು ನಾಲಿಗೆ ಏಳಲಿಲ್ಲ. ನೆಪವಿಲ್ಲದೆ ಅಕ್ಕನ ಮನೆಗೆ ಹೋಗುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ನೆಪ ಹುಡುಕಲು ಹೊರಟೆ. ಸುಮತಿಗೆ, "ಸೂರತ್‌ನಲ್ಲಿ ಸೀರೆ ಚೆನ್ನಾಗಿ ಸಿಗುತ್ತಂತೆ, ಹೋಗಿ ತರಲಾ?" ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸೀರೆಯನ್ನೂ ಆರಿಸದ ಗಂಡ ಹೀಗೆಂದರೆ ಹೆಂಡತಿಯಾದವಳು ಏನು ಮಾಡಬೇಕು? ಹಣೆ ಮುಟ್ಟಿ ನೋಡಿದಳು. ಅಕ್ಕನೂ ಸುಮ್ಮನಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಹಮದಾಬಾದಿನಲ್ಲಿ ಕಣ್ಣಿನ ಡಾಕ್ಟರು ಒಳ್ಳೆಯವರಿದ್ದಾರಂತೆ ಎಂದಳಂತೆ. ಸೂರತ್‌ನಲ್ಲಿ ಕಣ್ಣಿನ ಡಾಕ್ಟರಿಗೆ ಬರವೇ ಎಂದು ಭಾವ ಕೇಳಿದರಂತೆ.

ನಮ್ಮ ಮಗಳು ಅನಘಾ ವಡೋದರದ ಮಂಜಲ್‌ಪುರದಲ್ಲಿದ್ದಾಳೆ, ಗಂಡನಿಗೆ ಅಲ್ಲಿ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡಕ್ಕೆ ಆಗಾಗ ಉಸಿರು ಕಟ್ಟುತ್ತದೆ, ಆಗ ನಡುವೆ ಹಿಂದಿ ನುಗ್ಗುತ್ತದೆ. ಫೋನಿನಲ್ಲಿ ನನ್ನ ಸಂಕಟ ಕೇಳಿ, "ಪಪ್ಪಾ, ಅತ್ತೆ ನೋಡ್ಬೇಕು ತೋ ಟ್ರೈನ್ ಹತ್ತಿ, ಬಸ್, ಅಷ್ಟೇ. ಇಷ್ಟು ಕಾರಣ ಯಾಕೆ ಬೇಕು?" ಎಂದಳು. ಅವಳಿಗೆ ಅದು ಅಷ್ಟು ಸುಲಭವಾಗಿ ಕಂಡದ್ದು ನೋಡಿ ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ತಿಥಿ ಹತ್ತಿರ ಬಂತು. ಹಿಂದಿನ ದಿನ, ಅಂದರೆ ಪ್ರತಿವರ್ಷ ನಾವು ವಿಮಾನ ಹತ್ತುತ್ತಿದ್ದ ದಿನ, ನನಗೆ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಮೈಗೆ ಅಭ್ಯಾಸವಾಗಿದೆಯಲ್ಲ, ಹೊರಡಬೇಕು ಹೊರಡಬೇಕು ಎನ್ನುತ್ತಿತ್ತು. ಸ್ನಾನ ಮಾಡಿದೆ. ಅಂಗಿ ಹಾಕಿದೆ. ಸುಮತಿ ಕಣ್ಣು ಬಿಟ್ಟು ಎಲ್ಲಿಗೆ ಎಂದಳು. ಈಗ ನಿಜ ಹೇಳಬಹುದಿತ್ತು. ಪಿಂಚಣಿಯ ಕಾಗದಕ್ಕೆ ಬ್ಯಾಂಕಿಗೆ ಹೋಗಬೇಕು, ಸಾಲು ಉದ್ದವಿರುತ್ತದೆ, ಮಧ್ಯಾಹ್ನವಾಗಬಹುದು ಎಂದೆ. ಬೆಳಗಿನ ಆರು ಗಂಟೆಗೆ ಯಾವ ಬ್ಯಾಂಕು ತೆರೆದಿರುತ್ತದೆ ಎಂದು ಅವಳು ಕೇಳುವ ಮೊದಲು ಬಾಗಿಲು ಎಳೆದುಕೊಂಡೆ.

ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಾಯಾಗಿತ್ತು. ಸುಳ್ಳು ಹೇಳಿ ಬಂದ ಹುಡುಗನ ಉಲ್ಲಾಸ. ಫೋನಿನ ಗಂಟೆ ನಿಲ್ಲಿಸಿಟ್ಟಿದ್ದೆ, ಸುಮತಿಯ ಪ್ರಶ್ನೆಗೆ ಹೆದರಿ. ವಡೋದರದ ಹತ್ತಿರ ಎದುರಿನಿಂದ ಒಂದು ರೈಲು ದಡದಡನೆ ದಾಟಿಹೋಯಿತು. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ.

ಹತ್ತೂವರೆಗೆ ಹೋಟೆಲಿನ ಮೆಟ್ಟಿಲು ಹತ್ತಿದೆ. ತಿಂಡಿಯ ಗದ್ದಲ ಇಳಿದಿತ್ತು. ಗಲ್ಲಾದಲ್ಲಿ ಭಾವ ಕನ್ನಡಕ ಹಣೆಗೇರಿಸಿ ಪೇಪರು ಓದುತ್ತಿದ್ದರು. ತಲೆ ಎತ್ತಿದವರು ನನ್ನನ್ನು ನೋಡಿ ಎದ್ದೇ ನಿಂತರು.

"ನೀ ಎಂತ ಇಲ್ಲಿ? ವನಜ ಬೆಳಿಗ್ಗೆ ರೈಲಿಗೆ ನಿಮ್ ಮನಿಗೇ ಹೋದ್ಲಲೆ ಮಾರಾಯಾ!"

ನಾನು ಅಡುಗೆಮನೆಯ ಕಿಟಕಿಯತ್ತ ನೋಡಿದೆ. ಅಲ್ಲೊಬ್ಬ ವಯಸ್ಸಾದ ಭಟ್ಟರು ಕಾವಲಿಗೆ ಎಣ್ಣೆ ಸವರುತ್ತಿದ್ದರು. ಪ್ರತಿವರ್ಷ ತಿಥಿಯ ಮೂರು ದಿನಕ್ಕೆ ಅಕ್ಕನ ಬದಲಿಗೆ ಬರುವವರು. ಬರಬೇಡಿ ಎಂದು ಅವರಿಗೆ ಹೇಳಲು ಭಾವ ಮರೆತಿದ್ದರಂತೆ. ಅವರು ಪಂಚಾಂಗ ನೋಡಿಕೊಂಡು ಹಿಂದಿನ ಸಂಜೆಯೇ ತಮ್ಮ ಚೀಲದ ಸಮೇತ ಬಂದು ಕೂತಿದ್ದರು.

"ಭಟ್ರ್ ಬಂದದ್ದ್ ಕಂಡ್ಲ್. ಒಳಗೆ ಹೋಯಿ ಸೀರೆ ಮಡ್ಚಿ ಚೀಲಕ್ಕೆ ಹಾಕ್ಲ್," ಎಂದರು ಭಾವ. "ಎಲ್ಲಿಗೆ ಅಂದೆ. ಅಹಮದಾಬಾದಿಗೆ ಅಂದ್ಲ್. ತಿಥಿ ಇಲ್ಲೆ, ಪೂಜೆ ಇಲ್ಲೆ, ಅಲ್ಲಿ ಎಂತ ಕಾರ್ಯ ಅಂತ ಕೇಂಡೆ." ಭಾವ ಕನ್ನಡಕ ಇಳಿಸಿ ಅಂಗಿಯ ತುದಿಯಿಂದ ಒರೆಸತೊಡಗಿದರು. "ಕಾರ್ಯ ಎಂತದೂ ಇಲ್ಲೆ, ನನ್ ತಮ್ಮನ್ ಕಾಂಬುಕೆ ಹೋತೆ ಅಂದ್ಲ್. ನಲವತ್ತೊಂಬತ್ತ್ ವರ್ಷದಲ್ಲಿ ಹಂಗೆ ಹೇಳಿದ್ದ್ ಇದೇ ಮೊದ್ಲ್. ಆಟೋ ತರ್ಸಿ ಕೂರ್ಸ್ದೆ."

ನಾನು ಹೆಂಡತಿಗೆ ಬ್ಯಾಂಕು ಎಂದು ಹೇಳಿ ಬಂದಿದ್ದೆ. ಅಕ್ಕ ತನ್ನ ಗಂಡನ ಎದುರು, ಗಲ್ಲಾದ ಮುಂದೆ, ನಿಜ ಹೇಳಿ ಹೊರಟಿದ್ದಳು. ಭಾವನ ಮುಂದೆ ಅಳುವುದು ಹೇಗೆ? ನೀರು ಕೇಳಿ ಕುಡಿದೆ.

ಫೋನು ತೆಗೆದರೆ ಸುಮತಿಯ ಏಳು ಕರೆಗಳಿದ್ದವು. ಮಾಡಿದೆ. "ಬ್ಯಾಂಕಲ್ಲಿ ಸಾಲು ಉದ್ದ ಇದೆಯೇನ್ರೀ?" ಎಂದಳು. ಹಿಂದೆ ಅಕ್ಕನ ನಗು ಕೇಳಿಸಿತು. ಅವಳೇ ಫೋನು ಕಸಿದುಕೊಂಡು, "ಮಾಣಿ, ನೀ ಅಲ್ಲೇ ಇರ್. ನಾ ಮುಂದಿನ ರೈಲಿಗೆ ಬತ್ತೆ," ಎಂದಳು.

"ನೀ ಅಲ್ಲಿಂದ ಹಂದ್ಬೇಡ," ಎಂದೆ. ಅಕ್ಕನಿಗೆ ನಾನು ಜೋರು ಮಾಡಿದ್ದು ಅದೇ ಮೊದಲು. "ಕೂತ್ಕೋ. ಅಲ್ಲೇ ಕೂತ್ಕೋ. ಅಡುಗೆಮನಿಗೆ ಕಾಲ್ ಹಾಕ್ಬೇಡ. ನಾ ಬತ್ತೆ."

ಭಾವ ತಾವೇ ಒಂದು ದೋಸೆ ತಂದು ಮುಂದಿಟ್ಟರು. ನಾನು ತಿನ್ನದೆ ಹೊರಟರೆ ಅಕ್ಕ ತಮ್ಮನ್ನೇ ಮನೆಯೊಳಗೆ ಸೇರಿಸುವುದಿಲ್ಲ ಎಂದರು. ತಿಂದೆ. ಭಟ್ಟರ ದೋಸೆ ಚೆನ್ನಾಗಿಯೇ ಇತ್ತು, ಆದರೆ ನಾನು ಅದನ್ನು ಅಕ್ಕನಿಗೆ ಹೇಳಿಲ್ಲ. ಮರಳುವ ರೈಲಿನಲ್ಲಿ ಅನಘಾ ಫೋನು ಮಾಡಿದಳು, ತಾಯಿಯಿಂದ ಎಲ್ಲ ಕೇಳಿಕೊಂಡಿದ್ದಳು. "ಪಪ್ಪಾ, ನೀವಿಬ್ರೂ ನಮ್ಮ ಮಂಜಲ್‌ಪುರ ಹತ್ರಾನೇ ಕ್ರಾಸ್ ಆಗಿದ್ದು! ಒಂದು ಫೋನ್ ಮಾಡಿದ್ರೆ ಇಬ್ರನ್ನೂ ಸ್ಟೇಷನ್ನಲ್ಲಿ ಪಕಡ್ತಿದ್ದೆ," ಎಂದು ಬೈದಳು. ಬೈಗುಳ ಮುಗಿಸಿ, ತಾನೂ ಸಂಜೆಗೆ ಮಕ್ಕಳನ್ನು ಕಟ್ಟಿಕೊಂಡು ಬರುತ್ತೇನೆ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಮನೆ ಮುಟ್ಟುವಾಗ ನಾಲ್ಕು ಗಂಟೆ. ಬೆಲ್ಲು ಒತ್ತುವ ಮೊದಲೇ ಸುಮತಿ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟಳು. ಹಜಾರದ ಸೋಫಾದಲ್ಲಿ, ಪರದೆಯೆಳೆದ ಮಬ್ಬಿನಲ್ಲಿ, ಅಕ್ಕ ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಕಾಲು ಚಾಚಿ ಮಲಗಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಕೂದಲು ಪೂರ್ತಿ ನರೆತಿತ್ತು. ಕಳೆದ ವರ್ಷವೂ ಹಾಗೇ ಇತ್ತೋ ಏನೋ, ನಾನು ಗಮನಿಸಿರಲಿಲ್ಲ.

"ಊಟ ಮಾಡಿದೋರು ಇಲ್ಲಿ ಸ್ವಲ್ಪ ಕೂತಿರ್ತೀನಿ ಅಂದ್ರು, ಹಾಗೇ ನಿದ್ದೆ ಹೋದ್ರು. ಎಬ್ಬಿಸಲಾ?" ಎಂದು ಸುಮತಿ ಪಿಸುಗುಟ್ಟಿದಳು.

ಬೇಡ ಎಂದೆ. ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಎದುರಿನ ಕುರ್ಚಿಯಲ್ಲಿ ಕೂತೆ. ಅವಳು ತಾನಾಗಿ ಏಳುವ ತನಕ ನನಗೆ ಬೇರೆ ಯಾವ ಕಾರ್ಯವೂ ಇರಲಿಲ್ಲ.